ತೀವ್ರ ವೈರಲ್ ಸೋಂಕು: ಯಾವ ರಕ್ತ ಪರೀಕ್ಷೆ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ?

ಸಿಬಿಸಿ (ರಕ್ತಕಣಗಳ ಎಣಿಕೆ), ಸಿಆರ್‌ಪಿ, ಪ್ರೊಕ್ಯಾಲ್ಸಿಟೋನಿನ್, ಫೆರಿಟಿನ್, ಎಲ್‌ಡಿಎಚ್, ಡಿ-ಡೈಮರ್, ಐಎಲ್-6. ವೈರಲ್ ಸೋಂಕು ಜೋರಾಗಿ ದಾಖಲಾದ ರೋಗಿಗೆ ಇಷ್ಟನ್ನೂ ಒಂದೇ ಚೀಟಿಯಲ್ಲಿ ಬರೆಯುವುದು ಕೋವಿಡ್ ಕಾಲದಲ್ಲಿ ಎಲ್ಲ ಕಡೆ ರೂಢಿಯಾಯಿತು. ವರದಿ ಬಂದಾಗ ನಾಲ್ಕು ಏರಿರುತ್ತವೆ, ಮೂರು ಏರಿರುವುದಿಲ್ಲ. ಆಗ ಯಾವುದನ್ನು ನಂಬಬೇಕೆಂದು ಯಾರೂ ಮೊದಲೇ ತೀರ್ಮಾನಿಸಿರುವುದಿಲ್ಲ. ಈ ಬರಹ ಆ ತೀರ್ಮಾನಕ್ಕಾಗಿ; ವಾರ್ಡಿನಲ್ಲಿ ಕೆಲಸ ಮಾಡುವ ವೈದ್ಯರು, ನರ್ಸುಗಳು, ಲ್ಯಾಬ್ ಸಿಬ್ಬಂದಿ ಮನಸ್ಸಿನಲ್ಲಿದ್ದಾರೆ. ತಮ್ಮವರ ವರದಿ ಹಿಡಿದು ಕೂತ ಮನೆಯವರು ಓದಿದರೂ ಅರ್ಥವಾಗಬೇಕು, ಆದರೆ ಅದರ ಮೇಲೆ ಚಿಕಿತ್ಸೆ ನಿರ್ಧರಿಸುವುದು ವೈದ್ಯರ ಕೆಲಸ.

ನಮ್ಮ ನಿಲುವು ಇಷ್ಟು: ಮಾರ್ಕರ್ (ಕಾಯಿಲೆಯ ಸ್ಥಿತಿ ಸೂಚಿಸುವ ರಕ್ತದ ಅಂಶ) ಆರಿಸುವುದು ಅದರ ಹೆಸರಿನಿಂದಲ್ಲ, ಅದರಿಂದ ಬದಲಾಗುವ ನಿರ್ಧಾರದಿಂದ. ರೋಗಿ ವಾರ್ಡಿಗೋ ಐಸಿಯುವಿಗೋ, ಆ್ಯಂಟಿಬಯಾಟಿಕ್ ಬೇಕೋ ಬೇಡವೋ, ಉರಿಯೂತ ತಗ್ಗಿಸುವ ಔಷಧ ಕೊಡಬೇಕೋ, ಡೆಂಗ್ಯೂನಲ್ಲಿ ದ್ರವ ಎಷ್ಟು ಹರಿಸಬೇಕು. ಇವು ನಾಲ್ಕು ಬೇರೆ ಬೇರೆ ಪ್ರಶ್ನೆಗಳು, ನಾಲ್ಕಕ್ಕೂ ಒಂದೇ ಪರೀಕ್ಷೆ ಉತ್ತರ ಕೊಡುವುದಿಲ್ಲ. ಉತ್ತರ ಏನೇ ಬಂದರೂ ನಿರ್ಧಾರ ಬದಲಾಗದು ಅನ್ನಿಸಿದರೆ ಆ ಪರೀಕ್ಷೆ ಬರೆಯಬೇಡಿ.

ರಕ್ತಕ್ಕಿಂತ ಮೊದಲು ಹಾಸಿಗೆಯ ಪಕ್ಕದ ಅಳತೆ

ಕೋವಿಡ್‌ಗಾಗಿ ಬ್ರಿಟನ್ನಿನಲ್ಲಿ 2020ರಲ್ಲಿ ರೂಪಿಸಿದ 4ಸಿ ಮರಣ ಸ್ಕೋರ್ ಇದನ್ನು ಚೆನ್ನಾಗಿ ತೋರಿಸುತ್ತದೆ. ಅದರಲ್ಲಿ ಎಂಟು ಅಂಶಗಳು: ವಯಸ್ಸು, ಲಿಂಗ, ಜೊತೆಗಿರುವ ಕಾಯಿಲೆಗಳ ಸಂಖ್ಯೆ, ಉಸಿರಾಟದ ವೇಗ, ಆಮ್ಲಜನಕದ ಮಟ್ಟ, ಪ್ರಜ್ಞೆಯ ಸ್ಥಿತಿ, ಯೂರಿಯಾ, ಸಿಆರ್‌ಪಿ. ರಕ್ತದಿಂದ ಬರುವುದು ಕೊನೆಯ ಎರಡೇ.

ಒಂದು ಲೆಕ್ಕ ಹಾಕಿ ನೋಡೋಣ. 64 ವರ್ಷದ ಪುರುಷ (4+1), ಸಕ್ಕರೆ ಕಾಯಿಲೆ (1), ನಿಮಿಷಕ್ಕೆ 26 ಉಸಿರು (1), ಆಮ್ಲಜನಕ ಹಚ್ಚದೆ ಸ್ಯಾಚುರೇಶನ್ 90 (2), ಪ್ರಜ್ಞೆ ಸರಿಯಾಗಿದೆ (0). ರಕ್ತ ತೆಗೆಯುವ ಮೊದಲೇ 9 ಆಯಿತು. ಯೂರಿಯಾ ಡೆಸಿಲೀಟರಿಗೆ 48 ಮಿಲಿಗ್ರಾಂ, ಅಂದರೆ ಲೀಟರಿಗೆ 8 ಮಿಲಿಮೋಲ್ (1). ಸಿಆರ್‌ಪಿ ಲೀಟರಿಗೆ 120 ಮಿಲಿಗ್ರಾಂ (2). ಒಟ್ಟು 12. ಈ ಸ್ಕೋರಿನಲ್ಲಿ 9ರಿಂದ 14 ಒಂದೇ ಗುಂಪು, ಹೆಚ್ಚಿನ ಅಪಾಯದ್ದು. ಅಂದರೆ ವರದಿ ಬರುವ ಮೊದಲೇ ಈ ರೋಗಿ ಯಾವ ಗುಂಪಿನವರೆಂದು ಗೊತ್ತಿತ್ತು, ವರದಿ ಅದನ್ನು ಗಟ್ಟಿ ಮಾಡಿತು. ರಕ್ತದ ಫಲಿತಾಂಶಕ್ಕೆ ಕಾಯುತ್ತ ಆಮ್ಲಜನಕ ಹಚ್ಚುವುದನ್ನು ತಡಮಾಡುವುದಕ್ಕೆ ಯಾವ ಕಾರಣವೂ ಇಲ್ಲ.

ಇದೇ ಸ್ಕೋರಿನಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಎರಡು. ಬರೀ ರಕ್ತದೊತ್ತಡವನ್ನು ಜೊತೆಗಿರುವ ಕಾಯಿಲೆ ಎಂದು ಎಣಿಸಿಬಿಡುತ್ತಾರೆ; ಅದು ಪಟ್ಟಿಯಲ್ಲಿಲ್ಲ, ಬೊಜ್ಜು ಇದೆ. ಇನ್ನೊಂದು, 9–14ರ ಗುಂಪಿಗೆ ಮೂಲ ಅಧ್ಯಯನದಲ್ಲಿ ಕಂಡ ಶೇ. 31.4ರ ಮರಣ ಪ್ರಮಾಣವನ್ನು ಇವತ್ತಿನ ರೋಗಿಗೆ ಹಾಗೇ ಹೇಳಿಬಿಡುತ್ತಾರೆ. ಆ ಅಂಕಿ ಲಸಿಕೆ ಬರುವ ಮುಂಚಿನ, ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಇನ್ನೂ ರೂಢಿಗೆ ಬಾರದ ಕಾಲದ್ದು. ಯಾರ ಅಪಾಯ ಯಾರಿಗಿಂತ ಹೆಚ್ಚು ಎಂಬ ಕ್ರಮಾಂಕ ಇವತ್ತಿಗೂ ಉಪಯೋಗಕ್ಕೆ ಬರುತ್ತದೆ, ಶೇಕಡಾವಾರು ಹಾಗಲ್ಲ.

ಸಿಬಿಸಿ: ಅಗ್ಗ, ಆದರೆ ಎಚ್ಚರದಿಂದ ಓದಬೇಕು

ವಯಸ್ಕರಲ್ಲಿ ಲಿಂಫೋಸೈಟ್ (ಒಂದು ಬಗೆಯ ಬಿಳಿ ರಕ್ತಕಣ) ಎಣಿಕೆ ಸಾಮಾನ್ಯವಾಗಿ ಮೈಕ್ರೋಲೀಟರಿಗೆ 1,000ದಿಂದ 4,000. ಕೋವಿಡ್, ಇನ್‌ಫ್ಲುಯೆನ್ಜಾ ಎರಡರಲ್ಲೂ ಕಾಯಿಲೆ ತೀವ್ರವಾದಷ್ಟೂ ಇದು ಇಳಿಯುತ್ತದೆ. 800ಕ್ಕಿಂತ ಕೆಳಗೆ ಹೋಗಿ ಅಲ್ಲೇ ನಿಂತರೆ ಚಿಂತೆ. ಒಂದು ದಿನದ ಅಂಕಿಗಿಂತ ಎರಡು ಮೂರು ದಿನದ ಜಾಡು ಮುಖ್ಯ. ಚೇತರಿಸಿಕೊಳ್ಳುವವರಲ್ಲಿ ಎಣಿಕೆ ಮೆಲ್ಲಗೆ ಮೇಲೇರುತ್ತದೆ.

ಇನ್ನೊಂದು ಬಗೆಯ ಬಿಳಿಕಣವಾದ ನ್ಯೂಟ್ರೋಫಿಲ್ ಸಂಖ್ಯೆಯನ್ನು ಲಿಂಫೋಸೈಟ್ ಸಂಖ್ಯೆಯಿಂದ ಭಾಗಿಸಿದರೆ ಎನ್‌ಎಲ್‌ಆರ್. ಬೇರೆ ಖರ್ಚಿಲ್ಲದೆ ಸಿಗುತ್ತದೆ, ಆರೋಗ್ಯವಂತರಲ್ಲಿ ಸುಮಾರು 1ರಿಂದ 3. ಮೊದಲ ದಿನಕ್ಕೆ ಇದು ಒಳ್ಳೆಯ ಸೂಚಕ. ಆದರೆ ಸ್ಟೀರಾಯ್ಡ್ ಶುರುವಾದ ಮೇಲೆ ಇದರ ಮಾತು ಕೆಡುತ್ತದೆ: ರಕ್ತನಾಳದ ಗೋಡೆಗೆ ಅಂಟಿಕೊಂಡಿದ್ದ ನ್ಯೂಟ್ರೋಫಿಲ್‌ಗಳು ಹರಿವಿಗೆ ಬಿಡುತ್ತವೆ, ಲಿಂಫೋಸೈಟ್ ಕಮ್ಮಿಯಾಗುತ್ತವೆ, ಅನುಪಾತ ತಾನಾಗಿ ಏರುತ್ತದೆ. ಡೆಕ್ಸಾಮೆಥಸೋನ್ ಎರಡನೇ ದಿನದ ಎನ್‌ಎಲ್‌ಆರ್ ನೋಡಿ "ಕಾಯಿಲೆ ಉಲ್ಬಣಿಸಿದೆ" ಎನ್ನುವುದು ತಪ್ಪು. ಆದ್ದರಿಂದ ಮೊದಲ ಸಿಬಿಸಿ ಸ್ಟೀರಾಯ್ಡ್ ಕೊಡುವ ಮೊದಲು ತೆಗೆದಿರಲಿ. ತಡವಾದರೆ ವರದಿಯ ಮೇಲೆ ಮೊದಲ ಡೋಸಿನ ಸಮಯ ಬರೆದಿಡಿ. ಎಚ್‌ಐವಿ ಇರುವವರಲ್ಲಿ, ಕಿಮೋಥೆರಪಿ ಪಡೆದವರಲ್ಲಿ, ಅಂಗ ಕಸಿಯಾದವರಲ್ಲಿ ಲಿಂಫೋಸೈಟ್ ಮೊದಲೇ ಕಡಿಮೆ ಇರಬಹುದು. ಅವರಿಗೆ ಹಳೆಯ ವರದಿಯ ಜೊತೆ ಹೋಲಿಸದೆ ಈ ಅಂಕಿಗೆ ಅರ್ಥವಿಲ್ಲ.

ಸಿಆರ್‌ಪಿ ಮತ್ತು ಪ್ರೊಕ್ಯಾಲ್ಸಿಟೋನಿನ್: ಹೆಚ್ಚು ಗೊಂದಲ ಇಲ್ಲೇ

ಎರಡನ್ನೂ "ಇನ್‌ಫೆಕ್ಷನ್ ಟೆಸ್ಟ್" ಎಂದು ಒಂದೇ ಸಾಲಿಗೆ ಸೇರಿಸುತ್ತಾರೆ. ಕೆಲಸ ಬೇರೆ.

ಸಿಆರ್‌ಪಿ ತಯಾರಾಗುವುದು ಯಕೃತ್ತಿನಲ್ಲಿ, ಉರಿಯೂತದ ಸಂದೇಶ ಒಯ್ಯುವ ಐಎಲ್-6 ಎಂಬ ಪ್ರೋಟೀನ್ ಕೊಡುವ ಆಜ್ಞೆಯ ಮೇಲೆ. ಉರಿಯೂತ ಶುರುವಾಗಿ ಆರೇಳು ಗಂಟೆಗೆ ಏರತೊಡಗಿ, ಎರಡು ದಿನದ ಹೊತ್ತಿಗೆ ತುದಿ ಮುಟ್ಟುತ್ತದೆ. ಅರ್ಧಾಯುಷ್ಯ, ಅಂದರೆ ಮಟ್ಟ ಅರ್ಧಕ್ಕೆ ಇಳಿಯಲು ಬೇಕಾದ ಹೊತ್ತು, ಸುಮಾರು 19 ಗಂಟೆ. ಉರಿಯೂತದ ಮೂಲ ನಿಂತರೆ ದಿನಕ್ಕೆ ಅರ್ಧಕ್ಕಿಂತ ಹೆಚ್ಚು ಇಳಿಯಬೇಕು. ಇಳಿಯದಿದ್ದರೆ ಮೂಲ ಇನ್ನೂ ಉರಿಯುತ್ತಿದೆ. "ಉರಿ ಎಷ್ಟಿದೆ" ಎಂಬ ಪ್ರಶ್ನೆಗೆ ಸಿಆರ್‌ಪಿ ಉತ್ತರ. ಉರಿ ಯಾವುದರದ್ದು ಎಂದು ಅದು ಹೇಳುವುದಿಲ್ಲ. ಮಕ್ಕಳಲ್ಲಿ ಅಡಿನೋವೈರಸ್ ಒಂದೇ ಸಿಆರ್‌ಪಿಯನ್ನು ಬ್ಯಾಕ್ಟೀರಿಯಾ ಸೋಂಕಿನ ಮಟ್ಟಕ್ಕೆ ಏರಿಸಬಲ್ಲದು.

ಕೋವಿಡ್‌ನಲ್ಲಿ ಸಿಆರ್‌ಪಿಗೆ ಇನ್ನೊಂದು ಕೆಲಸವಿದೆ. ರಿಕವರಿ ಎಂಬ ಟ್ರಯಲ್‌ನಲ್ಲಿ (ಔಷಧ ಪ್ರಯೋಗ) ಐಎಲ್-6ರ ಕೆಲಸ ತಡೆಯುವ ಟೋಸಿಲಿಝುಮ್ಯಾಬ್ ಕೊಡಲು ಇಟ್ಟ ಷರತ್ತು: ಆಮ್ಲಜನಕದ ಕೊರತೆ, ಜೊತೆಗೆ ಸಿಆರ್‌ಪಿ ಲೀಟರಿಗೆ 75 ಮಿಲಿಗ್ರಾಂ ಅಥವಾ ಹೆಚ್ಚು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ ಹೀಗೆ ಆರಿಸಿದವರಲ್ಲಿ ಸಾವು ಕಡಿಮೆಯಾಯಿತು. ಅಂದರೆ ಇಲ್ಲಿ ಸಿಆರ್‌ಪಿ ಬರೀ ಭವಿಷ್ಯ ಹೇಳುತ್ತಿಲ್ಲ, ಒಂದು ಔಷಧದ ಬಾಗಿಲಲ್ಲಿ ನಿಂತಿದೆ. ಬೇರೆ ಮಾರ್ಕರ್‌ಗಳಿಗಿಂತ ಇದಕ್ಕೆ ಮೊದಲ ಸ್ಥಾನ ಕೊಡುವುದು ಈ ಕಾರಣಕ್ಕೆ.

ಆ ಔಷಧ ಕೊಟ್ಟ ಮೇಲೆ ಮಾತ್ರ ಸಿಆರ್‌ಪಿ ಕುರುಡಾಗುತ್ತದೆ. ಐಎಲ್-6ರ ದಾರಿಯೇ ಮುಚ್ಚಿರುವುದರಿಂದ ಹೊಸದಾಗಿ ಬ್ಯಾಕ್ಟೀರಿಯಾ ನ್ಯುಮೋನಿಯಾ ಬಂದರೂ ಸಿಆರ್‌ಪಿ ಏರದೆ ಇರಬಹುದು, ಜ್ವರವೂ ಬಾರದೆ ಇರಬಹುದು. "ಸಿಆರ್‌ಪಿ 4ಕ್ಕೆ ಇಳಿದಿದೆ, ಎಲ್ಲ ಸರಿ" ಎಂದು ಬರೆದ ದಿನವೇ ರೋಗಿ ಸೆಪ್ಸಿಸ್‌ಗೆ ಜಾರುತ್ತಿರಬಹುದು. ಔಷಧದ ಪರಿಣಾಮ ವಾರಗಟ್ಟಲೆ ಉಳಿಯುತ್ತದೆ. ಅಷ್ಟೂ ದಿನ ಉಸಿರಾಟ, ನಾಡಿ, ಕಫ, ಎಕ್ಸ್‌ರೇ, ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಇವುಗಳನ್ನೇ ನೆಚ್ಚಿಕೊಳ್ಳಬೇಕು. ಯಕೃತ್ತು ತೀರಾ ಹಾಳಾದವರಲ್ಲೂ ಸಿಆರ್‌ಪಿ ತಯಾರಾಗದೆ ಕಡಿಮೆ ತೋರಿಸುತ್ತದೆ.

ಪ್ರೊಕ್ಯಾಲ್ಸಿಟೋನಿನ್‌ನ ಪ್ರಶ್ನೆ ಬೇರೆ: ವೈರಸ್ ಜೊತೆ ಬ್ಯಾಕ್ಟೀರಿಯಾ ಸೇರಿಕೊಂಡಿದೆಯೇ? ವೈರಸ್ ವಿರುದ್ಧ ದೇಹ ಬಿಡುವ ಇಂಟರ್‌ಫೆರಾನ್-ಗ್ಯಾಮಾ ಇದರ ಉತ್ಪತ್ತಿಯನ್ನು ಅದುಮುತ್ತದೆ. ಹಾಗಾಗಿ ಬರೀ ವೈರಲ್ ಸೋಂಕಿನಲ್ಲಿ ಇದು ಸಾಮಾನ್ಯವಾಗಿ ಕೆಳಗೇ ಇರುತ್ತದೆ. ಮಿಲಿಲೀಟರಿಗೆ 0.25 ನ್ಯಾನೋಗ್ರಾಂಗಿಂತ ಕಡಿಮೆಯಿದ್ದರೆ ಬ್ಯಾಕ್ಟೀರಿಯಾದ ಸಾಧ್ಯತೆ ಕಡಿಮೆ, 0.5 ದಾಟಿದರೆ ಹೆಚ್ಚು. ಏರುವುದು ಸಿಆರ್‌ಪಿಗಿಂತ ಬೇಗ, ಅರ್ಧಾಯುಷ್ಯ ಸುಮಾರು ಒಂದು ದಿನ.

ಮಿತಿಗಳು ಕೂಡ ಸ್ಪಷ್ಟ. ಮೂತ್ರಪಿಂಡ ವೈಫಲ್ಯ, ದೊಡ್ಡ ಶಸ್ತ್ರಚಿಕಿತ್ಸೆ, ಸುಟ್ಟಗಾಯ ಇವುಗಳಲ್ಲಿ ಸೋಂಕಿಲ್ಲದೆಯೂ ಏರುತ್ತದೆ. ತೀವ್ರ ಕೋವಿಡ್‌ನಲ್ಲಿ ಬ್ಯಾಕ್ಟೀರಿಯಾ ಸಿಗದವರಲ್ಲೂ ಸ್ವಲ್ಪ ಏರಿರುವುದುಂಟು. ರಕ್ತದೊತ್ತಡ ಕುಸಿದ ರೋಗಿಗೆ ಈ ಅಂಕಿ ಕಡಿಮೆ ಎಂದು ಆ್ಯಂಟಿಬಯಾಟಿಕ್ ತಡೆಹಿಡಿಯಲೇಬಾರದು. ಇದರ ನಿಜವಾದ ಉಪಯೋಗ ಶುರು ಮಾಡುವುದಕ್ಕಿಂತ ನಿಲ್ಲಿಸುವುದರಲ್ಲಿ: ಐಸಿಯುವಿನಲ್ಲಿ ತುದಿಯ ಮಟ್ಟದಿಂದ ಶೇ. 80ರಷ್ಟು ಇಳಿದರೆ, ಅಥವಾ 0.5ಕ್ಕೆ ಬಂದರೆ, ರೋಗಿಯೂ ಸುಧಾರಿಸಿದ್ದರೆ ಆ್ಯಂಟಿಬಯಾಟಿಕ್ ನಿಲ್ಲಿಸುವ ಮಾತಾಡಬಹುದು. ಒಂದೇ ಸಲ ಮಾಡಿಸಿ ಬಿಟ್ಟ ಪ್ರೊಕ್ಯಾಲ್ಸಿಟೋನಿನ್ ಹೆಚ್ಚಿನ ಪಾಲು ದಂಡ.

ಒಂದನ್ನೇ ಮಾಡಿಸುವಂತಿದ್ದರೆ? ದಾಖಲಾತಿಯ ದಿನ ಅಪಾಯ ಅಳೆಯುವುದಕ್ಕೆ ಸಿಆರ್‌ಪಿ. ಐದಾರನೇ ದಿನ ಇದ್ದಕ್ಕಿದ್ದಂತೆ ಹದಗೆಟ್ಟರೆ, ಅದರಲ್ಲೂ ಇನ್‌ಫ್ಲುಯೆನ್ಜಾ ರೋಗಿ ಸುಧಾರಿಸಿ ಮತ್ತೆ ಕೆಟ್ಟರೆ, ಪ್ರೊಕ್ಯಾಲ್ಸಿಟೋನಿನ್. ಆಗ ಕಲ್ಚರ್ ಕಳಿಸುವುದನ್ನು ಮರೆಯಬೇಡಿ.

ಎಲ್‌ಡಿಎಚ್, ಫೆರಿಟಿನ್, ಡಿ-ಡೈಮರ್

ಎಲ್‌ಡಿಎಚ್ ಜೀವಕೋಶ ಒಡೆದಾಗ ಹೊರಬರುವ ಕಿಣ್ವ. ಶ್ವಾಸಕೋಶ, ಯಕೃತ್ತು, ಸ್ನಾಯು, ಕೆಂಪು ರಕ್ತಕಣ ಎಲ್ಲದರಲ್ಲೂ ಇದೆ. ಹಾನಿ ಎಷ್ಟೆಂದು ಹೇಳುತ್ತದೆ, ಎಲ್ಲಿ ಎಂದು ಹೇಳದು. ಮೂರರಲ್ಲಿ ಒಂದನ್ನು ಆರಿಸು ಎಂದರೆ ನಮ್ಮ ಆಯ್ಕೆ ಇದೇ, ಕಡಿಮೆ ಖರ್ಚಿಗೆ ಹೆಚ್ಚು ಮಾಹಿತಿ. ಒಂದೇ ಷರತ್ತು: ಕಣಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ತಿಳಿ ದ್ರವ (ಸೀರಂ) ಕೆಂಪಾಗಿರಬಾರದು.

ಫೆರಿಟಿನ್ ಕಬ್ಬಿಣ ಕೂಡಿಡುವ ಪ್ರೋಟೀನ್. ಅದರ ಮೇಲೆ ಇಟ್ಟಷ್ಟು ಭರವಸೆಗೆ ಅದು ತಕ್ಕದ್ದಲ್ಲ. ಡಯಾಲಿಸಿಸ್‌ನಲ್ಲಿರುವವರು, ಮತ್ತೆ ಮತ್ತೆ ರಕ್ತ ಪಡೆದವರು, ಯಕೃತ್ತಿನ ಕಾಯಿಲೆಯವರು ಇವರಲ್ಲಿ ಮೊದಲೇ ಏರಿರುತ್ತದೆ. 800 ಬಂದರೂ 1,100 ಬಂದರೂ ದಿನನಿತ್ಯದ ಚಿಕಿತ್ಸೆ ಬದಲಾಗುವುದು ಅಪರೂಪ. ಇದು ನಿಜವಾಗಿ ಬೇಕಾಗುವುದು ಇಳಿಯದ ಜ್ವರ, ಎರಡು ಮೂರು ಬಗೆಯ ರಕ್ತಕಣಗಳ ಕುಸಿತ, ದೊಡ್ಡದಾದ ಗುಲ್ಮ ಒಟ್ಟಿಗೆ ಕಂಡಾಗ. ಆಗ ರೋಗನಿರೋಧಕ ಕಣಗಳೇ ರಕ್ತಕಣಗಳನ್ನು ನುಂಗುವ ಎಚ್‌ಎಲ್‌ಎಚ್ ಎಂಬ ಸ್ಥಿತಿಯ ಶಂಕೆ ಬರಬೇಕು. ಆ ಪತ್ತೆಯ 2004ರ ಮಾನದಂಡದಲ್ಲಿ ಫೆರಿಟಿನ್ 500 ದಾಟಿರುವುದು ಎಂಟು ಅಂಶಗಳಲ್ಲಿ ಒಂದು. ಮಿಲಿಲೀಟರಿಗೆ 10,000 ನ್ಯಾನೋಗ್ರಾಂ ದಾಟಿದರೆ ಶಂಕೆ ಬಹಳ ಗಟ್ಟಿ. ಜೊತೆಗೆ ಟ್ರೈಗ್ಲಿಸರೈಡ್, ಫೈಬ್ರಿನೋಜನ್ ನೋಡಲೇಬೇಕು.

ಡಿ-ಡೈಮರ್ ರಕ್ತದ ಹೆಪ್ಪು ಕರಗುವಾಗ ಬರುವ ಚೂರು. ಅದರ ಕಥೆಯಿಂದ ಕಲಿಯುವುದು ಬಹಳ. ವುಹಾನಿನ ಎರಡು ಆಸ್ಪತ್ರೆಗಳ 191 ರೋಗಿಗಳ ಅಧ್ಯಯನದಲ್ಲಿ, 2020ರ ಆರಂಭದಲ್ಲೇ, ಮಿಲಿಲೀಟರಿಗೆ 1 ಮೈಕ್ರೋಗ್ರಾಂ ದಾಟಿದ ಡಿ-ಡೈಮರ್ ಸಾವಿನ ಜೊತೆ ಬಲವಾಗಿ ತಳುಕು ಹಾಕಿಕೊಂಡಿತ್ತು. ಅದನ್ನು ನೋಡಿ ಹಲವೆಡೆ ಡಿ-ಡೈಮರ್ ಏರಿದವರಿಗೆಲ್ಲ ಹೆಪ್ಪು ತಡೆಯುವ ಹೆಪಾರಿನ್ ಪೂರ್ಣ ಪ್ರಮಾಣದಲ್ಲಿ ಕೊಡತೊಡಗಿದರು. 2021ರಲ್ಲಿ ದೊಡ್ಡ ಟ್ರಯಲ್‌ಗಳ ಫಲಿತಾಂಶ ಬಂತು: ಐಸಿಯು ಮಟ್ಟದ ರೋಗಿಗಳಿಗೆ ಪೂರ್ಣ ಪ್ರಮಾಣದಿಂದ ಲಾಭವಾಗಲಿಲ್ಲ; ವಾರ್ಡಿನ ರೋಗಿಗಳಿಗೆ ಆಯಿತು, ಅದೂ ಡಿ-ಡೈಮರ್ ಹೆಚ್ಚಿದ್ದರೂ ಇಲ್ಲದಿದ್ದರೂ. ಯಾರು ಸಾಯಬಹುದು ಎಂದು ತೋರಿಸುವ ಮಾರ್ಕರ್, ಯಾವ ಔಷಧದಿಂದ ಯಾರು ಬದುಕುತ್ತಾರೆ ಎಂದೂ ತೋರಿಸಬೇಕೆಂದಿಲ್ಲ. ಕಾಲು ಬಾತಿದ್ದರೆ, ಎಕ್ಸ್‌ರೇಗೆ ಹೊಂದದಷ್ಟು ಆಮ್ಲಜನಕ ಕುಸಿದಿದ್ದರೆ ಡಿ-ಡೈಮರ್‌ಗೆ ಕಾಯದೆ ಸ್ಕ್ಯಾನ್ ಮಾಡಿಸಿ. ತೀವ್ರ ಸೋಂಕಿನಲ್ಲಿ ಅದು ಹೇಗೂ ಏರಿಯೇ ಇರುತ್ತದೆ.

ಐಎಲ್-6 ಮತ್ತು ಸುಪಾರ್

ಐಎಲ್-6 ಸಿಆರ್‌ಪಿಗಿಂತ ಮೊದಲು ಏರುತ್ತದೆ ಎಂಬುದು ನಿಜ. ಆದರೆ ಅದರ ಮಟ್ಟ ಗಂಟೆಗಂಟೆಗೆ ಬದಲಾಗುತ್ತದೆ, ಮಾದರಿಯನ್ನು ಬೇಗ ಬೇರ್ಪಡಿಸಿ ತಣ್ಣಗಿಡಬೇಕು, ಒಂದು ಕಂಪನಿಯ ಕಿಟ್‌ನ ಅಂಕಿ ಇನ್ನೊಂದಕ್ಕೆ ಹೊಂದುವುದಿಲ್ಲ. ಹೊರಗಿನ ಲ್ಯಾಬಿಗೆ ಕಳಿಸಿ ಎರಡು ದಿನಕ್ಕೆ ಬರುವ ಐಎಲ್-6 ವರದಿ ಎರಡು ದಿನ ಹಿಂದಿನ ರೋಗಿಯದ್ದು. ಟೋಸಿಲಿಝುಮ್ಯಾಬ್ ಕೊಟ್ಟ ಮೇಲೆ ರಕ್ತದ ಐಎಲ್-6 ಇನ್ನೂ ಏರುತ್ತದೆ, ಏಕೆಂದರೆ ಅದು ಅಂಟುವ ಗ್ರಾಹಕಗಳನ್ನು ಔಷಧ ಮುಚ್ಚಿರುತ್ತದೆ. ಅದು ಹದಗೆಟ್ಟ ಲಕ್ಷಣವಲ್ಲ. ಸಿಆರ್‌ಪಿ ಅದೇ ದಿನ ಸಿಗುವ ಕಡೆ ಐಎಲ್-6 ಬೇಕಿಲ್ಲ ಎಂಬುದೇ ನಮ್ಮ ಸಲಹೆ.

ಸುಪಾರ್ ಉರಿಯೂತದಲ್ಲಿ ಏರುವ ಇನ್ನೊಂದು ಪ್ರೋಟೀನ್, ಅದರ ಕಥೆ ಬೇರೆ. ಉರಿಯೂತ ತಗ್ಗಿಸುವ ಅನಕಿನ್ರಾ ಔಷಧದ ಸೇವ್-ಮೋರ್ ಎಂಬ ಕೋವಿಡ್ ಟ್ರಯಲ್‌ನಲ್ಲಿ ಸುಪಾರ್ ಮಿಲಿಲೀಟರಿಗೆ 6 ನ್ಯಾನೋಗ್ರಾಂ ಅಥವಾ ಹೆಚ್ಚಿದ್ದವರನ್ನೇ ಆರಿಸಿದ್ದರು. ಆ ಔಷಧ ಕೈಯಲ್ಲಿದ್ದರೆ ಪರೀಕ್ಷೆಗೆ ಅರ್ಥವಿದೆ, ಇಲ್ಲದಿದ್ದರೆ ಇಲ್ಲ.

ಡೆಂಗ್ಯೂ ಬಂದರೆ ಪಟ್ಟಿಯೇ ಬದಲು

ಮೇಲಿನದೆಲ್ಲ ಮುಖ್ಯವಾಗಿ ಶ್ವಾಸಕೋಶ ಹಿಡಿಯುವ ವೈರಸ್‌ಗಳಿಗೆ. ಡೆಂಗ್ಯೂನಲ್ಲಿ ಸಿಆರ್‌ಪಿಯ ಹಿಂದೆ ಬಿದ್ದರೆ ಅಪಾಯದ ಹೊತ್ತು ಕೈತಪ್ಪುತ್ತದೆ. ಅಲ್ಲಿ ಕೊಲ್ಲುವುದು ರಕ್ತನಾಳದಿಂದ ಪ್ಲಾಸ್ಮಾ ಸೋರುವುದು, ಅದನ್ನು ತೋರಿಸುವುದು ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪುಕಣಗಳ ಶೇಕಡಾ ಪಾಲು. ಮೂಲ ಮಟ್ಟಕ್ಕಿಂತ ಶೇ. 20ರಷ್ಟು ಏರಿದರೆ ಸೋರಿಕೆ ಗಣನೀಯ. ಮೊದಲ ದಿನ 38 ಇದ್ದದ್ದು 46 ಆದರೆ ಏರಿಕೆ ಶೇ. 21. ಆ 46 ಲ್ಯಾಬಿನ ಸಾಮಾನ್ಯ ಮಿತಿಯೊಳಗೇ ಇರಬಹುದು, ವರದಿಯಲ್ಲಿ ಗುರುತೇ ಬಿದ್ದಿರುವುದಿಲ್ಲ. ಆದ್ದರಿಂದ ಮೊದಲ ಮೂರು ದಿನದೊಳಗಿನ ಒಂದು ಅಂಕಿ ಕೈಯಲ್ಲಿರಬೇಕು.

ಜ್ವರ ಇಳಿಯುವ ಹೊತ್ತು, ಸಾಮಾನ್ಯವಾಗಿ ಮೂರರಿಂದ ಏಳನೇ ದಿನ, ಅತಿ ಅಪಾಯದ್ದು. ಹೆಮಟೋಕ್ರಿಟ್ ಏರುತ್ತ ಪ್ಲೇಟ್‌ಲೆಟ್ ಸರಸರ ಇಳಿಯುವುದು ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿಯ ಎಚ್ಚರಿಕೆಯ ಚಿಹ್ನೆ. ಪ್ಲೇಟ್‌ಲೆಟ್ ಅಂಕಿ ಒಂದನ್ನೇ ಹಿಡಿದು ಗಾಬರಿಯಾಗುವುದು, ರಕ್ತಸ್ರಾವವಿಲ್ಲದ ರೋಗಿಗೆ ಪ್ಲೇಟ್‌ಲೆಟ್ ಹಾಕುವುದು ಎರಡೂ ತಪ್ಪು. ಹಾಗೆ ಮುಂಚಿತವಾಗಿ ಹಾಕಿದ್ದರಿಂದ ವಯಸ್ಕರಲ್ಲಿ ರಕ್ತಸ್ರಾವ ಕಡಿಮೆಯಾಗಲಿಲ್ಲ ಎಂದು ಟ್ರಯಲ್ ತೋರಿಸಿದೆ. ಹೆಮಟೋಕ್ರಿಟ್ ಇಳಿದರೆ ಎರಡು ಅರ್ಥ: ನಾಡಿ, ರಕ್ತದೊತ್ತಡ ಸುಧಾರಿಸುತ್ತ ಇಳಿದರೆ ಚೇತರಿಕೆ, ನಾಡಿ ಓಡುತ್ತ, ಕೈಕಾಲು ತಣ್ಣಗಾಗುತ್ತ ಇಳಿದರೆ ಒಳಗೆ ರಕ್ತ ಸೋರುತ್ತಿದೆ. ಯಕೃತ್ತಿನ ಕಿಣ್ವಗಳಾದ ಎಎಸ್‌ಟಿ ಅಥವಾ ಎಎಲ್‌ಟಿ 1,000 ಮುಟ್ಟಿದರೆ ಅದೇ ತೀವ್ರ ಡೆಂಗ್ಯೂ ಎಂಬ ವರ್ಗಕ್ಕೆ ಸೇರುತ್ತದೆ.

ಪ್ರಕಟವಾದ ಅಂಕಿಗಳನ್ನು ನಂಬುವ ಮೊದಲು

2020ರಲ್ಲಿ ವುಹಾನಿನಿಂದ ಬಂದ ಒಂದು ಲೆಕ್ಕಸೂತ್ರ (ಮಾಡೆಲ್) ಎಲ್‌ಡಿಎಚ್ 365, ಹೆಚ್ಚು ಸೂಕ್ಷ್ಮ ಸಿಆರ್‌ಪಿ 41.2, ಲಿಂಫೋಸೈಟ್ ಶೇ. 14.7 ಎಂಬ ಮೂರು ಗೆರೆಗಳಿಂದ ಸಾವನ್ನು ಶೇ. 90ಕ್ಕೂ ಹೆಚ್ಚು ನಿಖರವಾಗಿ, ದಿನಗಟ್ಟಲೆ ಮೊದಲೇ ಹೇಳುತ್ತದೆ ಎಂದಿತು. ಬೇರೆ ದೇಶಗಳ ರೋಗಿಗಳ ಮೇಲೆ, ದಾಖಲಾತಿಯ ದಿನದ ರಕ್ತದಲ್ಲಿ ಪರೀಕ್ಷಿಸಿದಾಗ ಆ ನಿಖರತೆ ಉಳಿಯಲಿಲ್ಲ. ಕಾರಣ ಸರಳ: ಆ ಮಾಡೆಲ್ ಕಟ್ಟುವಾಗ ಪ್ರತಿ ರೋಗಿಯ ಕೊನೆಯ ರಕ್ತ ಮಾದರಿಯನ್ನು ಬಳಸಿದ್ದರು. ಸಾವಿಗೆ ಹತ್ತಿರವಾದವರ ರಕ್ತ ಸಾವನ್ನು ಹೇಳುವುದರಲ್ಲಿ ಅಚ್ಚರಿಯಿಲ್ಲ. ಯಾವುದೇ ಲೇಖನ ಓದುವಾಗ ರಕ್ತ ಯಾವ ದಿನದ್ದು ಎಂದು ಮೊದಲು ಹುಡುಕಿ.

ಎರಡನೆಯದು, ನಿಮ್ಮ ವಾರ್ಡಿನಲ್ಲಿ ಸಾವು ಎಷ್ಟು ಎಂಬುದು. ಶೇ. 80 ಸಂವೇದನೆ (ಸಾಯುವವರಲ್ಲಿ ಹಿಡಿಯುವ ಪಾಲು), ಶೇ. 80 ನಿರ್ದಿಷ್ಟತೆ (ಬದುಕುವವರಲ್ಲಿ ಸರಿಯಾಗಿ ಬಿಡುವ ಪಾಲು) ಇರುವ ಮಾರ್ಕರ್ ಎಂದಿಟ್ಟುಕೊಳ್ಳಿ. ಸಾವಿರ ರೋಗಿಗಳಲ್ಲಿ 20 ಜನ ಸಾಯುವ ಕಡೆ ಅದು 16 ಜನರನ್ನು ಸರಿಯಾಗಿ ಹಿಡಿಯುತ್ತದೆ, ಜೊತೆಗೆ ಬದುಕುವ 196 ಜನರನ್ನೂ ಅಪಾಯದವರೆಂದು ತೋರಿಸುತ್ತದೆ. "ಅಪಾಯ" ಎಂದ ನೂರಕ್ಕೆ ಏಳೆಂಟು ಜನ ಮಾತ್ರ ನಿಜ. ಸಾವಿರಕ್ಕೆ 300 ಸಾಯುವ ಐಸಿಯುವಿನಲ್ಲಿ ಅದೇ ಮಾರ್ಕರ್ ಅಪಾಯ ಎಂದ ನೂರಕ್ಕೆ 63 ನಿಜ. ಹೊರರೋಗಿ ವಿಭಾಗದಲ್ಲಿ ಈ ಪರೀಕ್ಷೆಗಳ ಬೆಲೆ ಇರುವುದು ಧೈರ್ಯ ಹೇಳಿ ಮನೆಗೆ ಕಳಿಸುವುದರಲ್ಲಿ, ಭಯ ಹುಟ್ಟಿಸುವುದರಲ್ಲಿ ಅಲ್ಲ.

ಹಾಗಾದರೆ ಏನು ಬರೆಯುವುದು

ಶ್ವಾಸಕೋಶದ ವೈರಲ್ ಸೋಂಕಿಗೆ ದಾಖಲಾತಿಯ ದಿನ: ವಿಭಜನೆ ಸಹಿತ ಸಿಬಿಸಿ, ಸಿಆರ್‌ಪಿ, ಯೂರಿಯಾ ಮತ್ತು ಕ್ರಿಯೇಟಿನಿನ್. ಕೈಗೆಟಕುವುದಾದರೆ ಎಲ್‌ಡಿಎಚ್. ಆಮ್ಲಜನಕ ಬೇಕಾಗಿದ್ದರೆ 48 ಗಂಟೆಗೊಮ್ಮೆ ಸಿಬಿಸಿ, ಸಿಆರ್‌ಪಿ ಮತ್ತೆ. ಅದಕ್ಕಿಂತ ಪದೇ ಪದೇ ಮಾಡಿಸಿದರೆ ಹೊಸದೇನೂ ತಿಳಿಯದು. ಎದೆನೋವು ಅಥವಾ ಇಸಿಜಿಯಲ್ಲಿ ಬದಲಾವಣೆಯಿದ್ದರೆ ಹೃದಯದ ಹಾನಿ ತೋರಿಸುವ ಟ್ರೊಪೋನಿನ್. ರಕ್ತದೊತ್ತಡ ಕುಸಿದರೆ ಲ್ಯಾಕ್ಟೇಟ್. ಲೀಟರಿಗೆ 2 ಮಿಲಿಮೋಲ್ ದಾಟಿದರೆ ಎಚ್ಚರ, 4 ದಾಟಿದರೆ ತುರ್ತು. ಡೆಂಗ್ಯೂಗೆ ದಿನಕ್ಕೊಮ್ಮೆ ಸಿಬಿಸಿ, ಎಚ್ಚರಿಕೆಯ ಚಿಹ್ನೆ ಕಂಡ ಮೇಲೆ ಕೆಲವು ಗಂಟೆಗೊಮ್ಮೆ ಹೆಮಟೋಕ್ರಿಟ್.

ಅಂಕಿ ಸುಳ್ಳಾಗುವ ಜಾಗಗಳು

ಮಾನಗಳ ಗೊಂದಲ ಎಲ್ಲಕ್ಕಿಂತ ಸಾಮಾನ್ಯ. ಸಿಆರ್‌ಪಿಯನ್ನು ಕೆಲವು ಲ್ಯಾಬ್ ಲೀಟರಿಗೆ, ಕೆಲವು ಡೆಸಿಲೀಟರಿಗೆ ಕೊಡುತ್ತವೆ, ಡೆಸಿಲೀಟರಿಗೆ 7.5 ಎಂದರೆ ಲೀಟರಿಗೆ 75. ಡಿ-ಡೈಮರ್‌ನಲ್ಲಿ ಎಫ್‌ಇಯು, ಡಿಡಿಯು ಎಂಬ ಎರಡು ಬಗೆಯ ಮಾನ. ಡಿಡಿಯು 250 ಸರಿಸುಮಾರು ಎಫ್‌ಇಯು 500ಕ್ಕೆ ಸಮ. ರೋಗಿಯನ್ನು ಇನ್ನೊಂದು ಆಸ್ಪತ್ರೆಗೆ ಸಾಗಿಸಿದಾಗ ಒಂದೇ ರಾತ್ರಿಯಲ್ಲಿ ಎರಡು ಪಟ್ಟಾದ ಡಿ-ಡೈಮರ್‌ಗೆ ಹಲವು ಸಲ ಇದೇ ಕಾರಣ. ಯೂರಿಯಾ ಮತ್ತು ಬಿಯುಎನ್ (ಯೂರಿಯಾದಲ್ಲಿರುವ ಸಾರಜನಕ) ಕೂಡ ಒಂದಲ್ಲ: ಬಿಯುಎನ್ ಅನ್ನು 2.14ರಿಂದ ಗುಣಿಸಿದರೆ ಯೂರಿಯಾ.

ಸಣ್ಣ ಸೂಜಿಯಿಂದ ಜೋರಾಗಿ ಎಳೆದರೆ, ಟ್ಯೂಬನ್ನು ಕುಲುಕಿದರೆ ಕೆಂಪುಕಣ ಒಡೆದು ಎಲ್‌ಡಿಎಚ್ ಮತ್ತು ಪೊಟ್ಯಾಶಿಯಂ ಏರುತ್ತವೆ. ಸೀರಂ ಗುಲಾಬಿ ಬಣ್ಣಕ್ಕಿದ್ದರೆ ಆ ಎಲ್‌ಡಿಎಚ್ ಬಿಟ್ಟು ಮತ್ತೆ ತೆಗೆಯಿರಿ. ಎಲ್‌ಡಿಎಚ್ ಮಾದರಿಯನ್ನು ಫ್ರಿಜ್‌ನಲ್ಲಿ ಇಡಬಾರದು. ಅದರ ಕೆಲವು ಬಗೆಗಳು ತಂಪಿಗೆ ನಿಷ್ಕ್ರಿಯವಾಗುತ್ತವೆ. ಡಿ-ಡೈಮರ್‌ನ ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್. ಗೆರೆಯವರೆಗೆ ತುಂಬದಿದ್ದರೆ ಫಲಿತಾಂಶ ಕೆಡುತ್ತದೆ. ಈ ಟ್ಯೂಬನ್ನು ಸಿಬಿಸಿಯ ಇಡಿಟಿಎ ಟ್ಯೂಬಿಗಿಂತ ಮೊದಲು ತುಂಬಿ. ಲ್ಯಾಕ್ಟೇಟ್‌ಗೆ ಪಟ್ಟಿ ಬಹಳ ಹೊತ್ತು ಬಿಗಿಯದೆ, ಮುಷ್ಟಿ ಹಿಡಿಸದೆ ತೆಗೆದು, ಫ್ಲೋರೈಡ್ ಟ್ಯೂಬಿನಲ್ಲಿ ಹಾಕಿ ಕೂಡಲೇ ಕಳಿಸಬೇಕು.

ರಕ್ತಸ್ರಾವದ ಯಾವ ಗುರುತೂ ಇಲ್ಲದ ರೋಗಿಯ ಪ್ಲೇಟ್‌ಲೆಟ್ ಏಕಾಏಕಿ 20,000 ಬಂದರೆ ಮೊದಲು ಸ್ಲೈಡ್ ನೋಡಿಸಿ. ಇಡಿಟಿಎಯಲ್ಲಿ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ಗುಂಪಾದರೆ ಯಂತ್ರ ಅವುಗಳನ್ನು ಎಣಿಸುವುದಿಲ್ಲ. ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ತೆಗೆದು, ಬಂದ ಅಂಕಿಯನ್ನು 1.1ರಿಂದ ಗುಣಿಸಿದರೆ ನಿಜಕ್ಕೆ ಹತ್ತಿರದ ಎಣಿಕೆ ಸಿಗುತ್ತದೆ.